ಅಡಿಗೆಮನೆಯಲ್ಲಿ ಗಂಗಮ್ಮನ ಕಣ್ಣು

ಚಿಕ್ಕಂದಿನಲ್ಲಿ ನಾನು ಮಲಗುತ್ತಿದ್ದದ್ದು ಕಪ್ಪು ಕಾಗದಗಳ ಕೆಳಗೆ. ನಮ್ಮ ನಡುಮನೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಅಪ್ಪ ಹಗ್ಗ ಬಿಗಿದಿದ್ದರು. ಬೇರೆಯವರ ಮನೆಯಲ್ಲಾದರೆ ಅದರ ಮೇಲೆ ಸೀರೆ, ಪಂಚೆ ಒಣಗುತ್ತಿದ್ದವು. ನಮ್ಮ ಮನೆಯಲ್ಲಿ ಶಾಸನಗಳು ಒಣಗುತ್ತಿದ್ದವು. ಭಾನುವಾರ ಬಂತೆಂದರೆ ಅಪ್ಪ ಯಾವುದೋ ಹಾಳು ಗುಡಿಗೋ ಹೊಲದ ಬದುವಿಗೋ ಹೋಗಿ, ಅಲ್ಲಿ ನಿಂತ ಕಲ್ಲನ್ನು ತೊಳೆದು, ನೆನೆಸಿದ ಕಾಗದವನ್ನು ಅದಕ್ಕೆ ಅಂಟಿಸಿ, ಕುಂಚದಿಂದ ತಟ್ಟಿ, ಮೇಲೆ ಕಾಡಿಗೆಯ ಮಸಿ ಒತ್ತಿ ತರುತ್ತಿದ್ದರು. ಕಾಗದವೆಲ್ಲ ಕಪ್ಪಾಗಿ ಕೆತ್ತಿದ ಅಕ್ಷರಗಳು ಮಾತ್ರ ಬೆಳ್ಳಗೆ ಉಳಿಯುತ್ತಿದ್ದವು. ಮಾವು ಹೂಬಿಡುವ ಕಾಲದಲ್ಲಿ ಗವಾಕ್ಷಿಯಿಂದ ಆ ಘಮಲಿನ ಗಾಳಿ ಬಂದರೆ ಕಾಗದಗಳೆಲ್ಲ ಮೆಲ್ಲಗೆ ಉಬ್ಬಿ ಇಳಿಯುತ್ತಿದ್ದವು. ನಾನು ಅಂಗಾತ ಮಲಗಿ, ಆ ಬಿಳಿ ಗೆರೆಗಳಲ್ಲಿ ಕೊಕ್ಕರೆ, ಕುಡುಗೋಲು, ಕಾಲು ಮಡಚಿ ಕೂತ ಮುದುಕಿ ಎಲ್ಲವನ್ನೂ ಕಾಣುತ್ತ ನಿದ್ದೆ ಹೋಗುತ್ತಿದ್ದೆ. ಕನಸಿನಲ್ಲೂ ಅವೇ ಬರುತ್ತಿದ್ದವು. ಆ ಮನೆಯ ಬಗ್ಗೆ ನನಗಿರುವುದರಲ್ಲಿ ಎಷ್ಟು ನೆನಪು, ಎಷ್ಟು ಕನಸು ಎಂದು ಬೇರೆ ಮಾಡುವುದು ಕಷ್ಟ. ಬೇರೆ ಮಾಡಬೇಕೆಂಬ ಆಸೆಯೂ ಈ ವಯಸ್ಸಿನಲ್ಲಿ ಉಳಿದಿಲ್ಲ.

ನಮ್ಮೂರು ಯಲ್ದೂರಿಗೆ ಹತ್ತಿರ. ಸುತ್ತ ಮಾವಿನ ತೋಪು, ಪಕ್ಕಕ್ಕೆ ಒಂದು ಕೆರೆ, ಕೆರೆಯ ಕೆಳಗೆ ಗದ್ದೆ. ಅಪ್ಪ ಅಲ್ಲಿಯ ಸಣ್ಣ ಶಾಲೆಯ ಮೇಷ್ಟ್ರು. ಬೇಸಾಯದ ಮನೆಯಲ್ಲಿ ಹುಟ್ಟಿ ನಾಲ್ಕಕ್ಷರ ಕಲಿತವರಲ್ಲಿ ಅವರೇ ಮೊದಲಿಗರು. ಕೋಲಾರದಲ್ಲಿ ಓದುವಾಗ ಯಾರೋ ವಯಸ್ಸಾದ ಪಂಡಿತರು ಹಳೆಯ ಲಿಪಿ ಓದುವುದನ್ನು ಹೇಳಿಕೊಟ್ಟರಂತೆ. ಅಲ್ಲಿ ಹಿಡಿದ ಹುಚ್ಚು ಕೊನೆಯವರೆಗೂ ಬಿಡಲಿಲ್ಲ. ಅಮ್ಮ ಮುಳಬಾಗಿಲಿನ ಆಚೆ, ತಾಯಲೂರಿನ ಕಡೆಯವಳು. ಅವಳ ತವರಿನ ಮಾತು ತೆಲುಗು. ಅಪ್ಪ ಕನ್ನಡದಲ್ಲಿ ಕೇಳಿದರೆ ಅಮ್ಮ ತೆಲುಗಿನಲ್ಲಿ ಉತ್ತರ ಕೊಡುವಳು. ಜಗಳ ಏರಿದರೆ ಅಪ್ಪನೇ ತೆಲುಗಿಗೆ ಇಳಿಯುವರು, ಅಮ್ಮ ಅಚ್ಚ ಕನ್ನಡಕ್ಕೆ ಏರುವಳು. ಇವರಿಬ್ಬರ ನಡುವೆ ಅಪ್ಪನ ತಾಯಿ, ನನ್ನ ಅಜ್ಜಿ, ಸಂಜೆಯಾದರೆ ಜಗಲಿಯ ಮೇಲೆ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಬಿಸಿ ಮುದ್ದೆ ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ, ಒಬ್ಬೊಬ್ಬರ ಅಂಗೈಗೂ ಒಂದೊಂದು ತುತ್ತು ಹಾಕುತ್ತಿದ್ದಳು. ಮಗನ ಕಲ್ಲಿನ ಹುಚ್ಚಿನ ಬಗ್ಗೆ ಅವಳಿಗೆ ತಕರಾರು ಇರಲಿಲ್ಲ. ಕುಡಿಯುವ ಹುಚ್ಚಿಗಿಂತ ಇದು ವಾಸಿ ಎನ್ನುತ್ತಿದ್ದಳು. ತಕರಾರು ಇದ್ದದ್ದು ಅಮ್ಮನಿಗೆ. ದೀಪದ ಎಣ್ಣೆಯೆಲ್ಲ ಕಾಡಿಗೆಗೇ ಹೋಗುತ್ತಿತ್ತು, ಒಗೆದ ಪಂಚೆಗಳಲ್ಲೆಲ್ಲ ಮಸಿಯ ಬೆರಳಚ್ಚು ಇರುತ್ತಿತ್ತು. ಬಂದವರು ಮೇಲೆ ನೇತಾಡುವ ಕಪ್ಪು ಕಾಗದ ನೋಡಿ, ಇದೇನಮ್ಮ, ಮೇಷ್ಟ್ರು ಮಾಟಗೀಟ ಮಾಡ್ತಾರಾ ಎಂದು ಪಿಸುಗುಡುತ್ತಿದ್ದರು. ಅದರಿಂದ ಏನು ಉಪಯೋಗ ಎಂದು ಕೇಳಿದವರಿಗೆ ಹೇಳಲು ಅಮ್ಮನ ಬಳಿ ಏನೂ ಇರಲಿಲ್ಲ. ಅಪ್ಪನೂ ಅವಳಿಗೆ ಹೇಳಿರಲಿಲ್ಲ.

ಕೆರೆಯ ಏರಿಯ ಮೇಲೆ, ತೂಬಿನ ಪಕ್ಕದಲ್ಲಿ, ನಮ್ಮೂರ ಗಂಗಮ್ಮ ನಿಂತಿದ್ದಳು. ಆಳೆತ್ತರದ ಒಂದು ಚಪ್ಪಡಿ. ತಲೆಮಾರುಗಳಿಂದ ಸುಣ್ಣ ಬಳಿದು, ಎಣ್ಣೆ ಹೊಯ್ದು, ಅರಿಸಿನ ಕುಂಕುಮ ಮೆತ್ತಿ, ಅದು ಕಲ್ಲೋ ಮಣ್ಣೋ ಎಂದು ತಿಳಿಯದಷ್ಟು ದಪ್ಪವಾಗಿತ್ತು. ಆ ದಪ್ಪದ ಮೇಲೆ ಮೇಣ ಹಚ್ಚಿ ಎರಡು ಬೆಳ್ಳಿಯ ಕಣ್ಣು ಅಂಟಿಸಿದ್ದರು. ಒಂದು ಬೇಸಿಗೆ, ಕೆರೆ ಬತ್ತಿ ಬಿರುಕು ಬಿಟ್ಟಿದ್ದ ಕಾಲದಲ್ಲಿ, ಬಿಸಿಲಿಗೆ ಸುಣ್ಣದ ಒಂದು ಹೆಕ್ಕಳ ಉದುರಿ ಬಿತ್ತು. ಅದರ ಅಡಿಯಲ್ಲಿ ಒಂದೇ ಒಂದು ಅಕ್ಷರದ ಕೊಂಬು ಅಪ್ಪನಿಗೆ ಕಂಡಿತು. ಬೇರೆ ಯಾರಾದರೂ ಆಗಿದ್ದರೆ ಊರಿನವರನ್ನು ಕೇಳುತ್ತಿದ್ದರು, ಪೂಜಾರಿಯನ್ನು ಕೇಳುತ್ತಿದ್ದರು, ಕೊನೆಗೆ ಹೆಂಡತಿಯನ್ನಾದರೂ ಕೇಳುತ್ತಿದ್ದರು. ಅಪ್ಪ ಯಾರನ್ನೂ ಕೇಳಲಿಲ್ಲ. ಜನವೆಲ್ಲ ತೋಪುಗಳಲ್ಲಿ ಕಾಯಿ ಕಾಯುತ್ತಿದ್ದ ಒಂದು ಸುಡುಬಿಸಿಲಿನ ಮಧ್ಯಾಹ್ನ ಬಿಸಿನೀರು, ಸೀಗೆಪುಡಿ, ಹುಣಿಸೆಹಣ್ಣು ಹೊತ್ತುಕೊಂಡು ಏರಿಗೆ ಹೋದರು. ತೆಂಗಿನ ನಾರಿನಿಂದ ಗಂಗಮ್ಮನ ಮೈ ತಿಕ್ಕಿದರು. ದೇವರು ಎಂದು ಅವರು ಕೈಮುಗಿಯದೆ ಇರಲಿಲ್ಲವಂತೆ. ಮುಗಿದು ತಿಕ್ಕಿದರು, ಅಷ್ಟೇ.

ಅವತ್ತು ಸಂಜೆ ಅಮ್ಮ ಉಪ್ಪಿಗೆಂದು ಅಡಿಗೆಮನೆಯ ಗೂಡಿಗೆ ಕೈಹಾಕಿದಳು. ಉಪ್ಪಿನ ಮರಿಗೆಯ ಪಕ್ಕದಲ್ಲಿ, ಹಿತ್ತಾಳೆ ಬಟ್ಟಲಿನಿಂದ, ಗಂಗಮ್ಮ ಅವಳನ್ನೇ ನೋಡುತ್ತಿದ್ದಳು. ಕಣ್ಣುಗಳು ಕಳೆದುಹೋಗಬಾರದೆಂದು ಅಪ್ಪ ಅವನ್ನು ಪಂಚೆಯ ಸೆರಗಿನಲ್ಲಿ ಕಟ್ಟಿ ತಂದು ಅಲ್ಲಿಟ್ಟಿದ್ದರು. ಅಮ್ಮ ಒಲೆಯ ಮುಂದೆ ಕೂತುಬಿಟ್ಟಳು. ಅಜ್ಜಿ ಬಂದು ನೋಡಿ, ಬಟ್ಟಲಿನ ಮುಂದೆ ದೀಪ ಹಚ್ಚಿಟ್ಟಳು. ಒಲೆಯ ಉರಿ ಅಲ್ಲಾಡಿದಾಗೆಲ್ಲ ಆ ಕಣ್ಣುಗಳು ಒಮ್ಮೆ ನನ್ನನ್ನು, ಒಮ್ಮೆ ಸಾರಿನ ಮಡಕೆಯನ್ನು ನೋಡಿದಂತಾಗುತ್ತಿತ್ತು. ನನಗೆ ಹೆದರಿಕೆಯಾಗಲಿಲ್ಲ. ದೊಡ್ಡ ಮನೆತನದ ನೆಂಟರೊಬ್ಬರು ಹೇಳದೆ ಕೇಳದೆ ಬಂದು ನಮ್ಮ ಅಡಿಗೆಮನೆಯಲ್ಲೇ ಉಳಿದಿದ್ದಾರೆ ಅನ್ನಿಸುತ್ತಿತ್ತು. ಅಪ್ಪ ಮಾತ್ರ ಇದಾವುದನ್ನೂ ಕಾಣದೆ ನಡುಮನೆಯಲ್ಲಿ ಹೊಸ ಕಾಗದದ ಕೆಳಗೆ ನಿಂತು, ಕತ್ತೆತ್ತಿ, ತುಟಿಯಲ್ಲೇ ಓದಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಮತ್ತೆ ಕಂಡಿಲ್ಲ.

ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಯಿತು. ಮೇಷ್ಟ್ರು ತಾಯಿಯ ಮೈಮೇಲಿನ ಬಟ್ಟೆ ಬಿಚ್ಚಿದರು ಎಂದರು. ಈ ವರ್ಷ ಕೆರೆ ತುಂಬುವುದಿಲ್ಲ ಎಂದರು. ಹಾಲಿನವಳು ನಮ್ಮ ಬಾಗಿಲು ದಾಟಿ ಮುಂದೆ ಹೋದಳು, ಅಗಸ ಬಟ್ಟೆ ಒಯ್ಯಲಿಲ್ಲ. ಪಟೇಲರು ಅಪ್ಪನಿಂದ ತಪ್ಪೊಪ್ಪಿಗೆ ಮಾಡಿಸಿದರು. ಕಣ್ಣುಗಳನ್ನು ತಟ್ಟೆಯಲ್ಲಿಟ್ಟು, ತಮಟೆ ಬಡಿಸಿಕೊಂಡು, ಬೇವಿನ ಮರದ ಕೆಳಗೆ ಬೇರೊಂದು ಕಲ್ಲು ನಿಲ್ಲಿಸಿ ಗಂಗಮ್ಮನನ್ನು ಅಲ್ಲಿ ನೆಲೆಗೊಳಿಸಿದರು. ಅಪ್ಪ ಒದ್ದೆಬಟ್ಟೆಯಲ್ಲಿ ಬಿಂದಿಗೆ ಬಿಂದಿಗೆ ನೀರು ಹೊತ್ತು ಅವಳಿಗೆ ಎರೆದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಆದರೆ ಏರಿಯ ಮೇಲಿನ ಹಳೆಯ ಕಲ್ಲು ಈಗ ದೇವರಲ್ಲ, ಬರೀ ಕಲ್ಲು. ಮಳೆಗೆ ಮುಂಚೆ ತೂಬು ರಿಪೇರಿಯಾಗಬೇಕಿತ್ತು, ಅದಕ್ಕೊಂದು ಉದ್ದನೆಯ ಚಪ್ಪಡಿ ಬೇಕಾಗಿತ್ತು. ಪಟೇಲರು ಆ ಕಲ್ಲನ್ನೇ ಬೋರಲು ಹಾಕಿಸಿ ಹಾಸಿಬಿಡುವುದೆಂದು ಹೇಳಿದರು.

ಒಮ್ಮೆ ಬೋರಲು ಬಿದ್ದರೆ ಅಕ್ಷರವೆಲ್ಲ ಕೆಸರಿನಲ್ಲಿ ಹೋದಂತೆಯೇ. ಅಪ್ಪ ಊಟ ಬಿಟ್ಟರು. ಅರಳಿಕಟ್ಟೆಯ ಮುಂದೆ ಊರು ಕೂಡಿದಾಗ ತಾವೊಂದು ಮಾತು ಹೇಳಬೇಕು ಎಂದು ಎದ್ದು ನಿಂತರು. ಕೋಟು ಹಾಕಿಕೊಂಡು ಹೋಗಿದ್ದರು. ಅಜ್ಜಿಯ ಮಡಿಲಲ್ಲಿ ಕೂತು ನಾನೂ ಕೇಳಿದೆ. ಇದೊಂದು ವೀರಗಲ್ಲು, ಸತ್ತವನೊಬ್ಬನ ನೆನಪಿಗೆ ನಿಲ್ಲಿಸಿದ್ದು, ಯಾವ ಅರಸನ ಆಳ್ವಿಕೆ, ಲಿಪಿಯ ತಿರುವು ಹೇಗಿದೆ, ಅದರಿಂದ ಕಾಲವನ್ನು ಹೇಗೆ ಊಹಿಸಬೇಕು ಎಂದೆಲ್ಲ ಹೇಳಿದರು.

"ಈ ಶಿಲಾಶಾಸನವು ನಮ್ಮ ಪ್ರಾಂತ್ಯದ ಚರಿತ್ರೆಗೆ ಒಂದು ಅಮೂಲ್ಯವಾದ ಆಧಾರ."

ಮನೆಯಲ್ಲಿ ನಮ್ಮೊಡನೆ ಆಡುವ ಮಾತಿನಲ್ಲಿ ಅವರು ಒಂದು ಮಾತನ್ನೂ ಆಡಲಿಲ್ಲ. ಮುಂದೆ ಕೂತವರಲ್ಲಿ ಅರ್ಧ ಜನ ತೆಲುಗಿನವರು. ಮಿಕ್ಕವರಿಗೂ ಅದು ಪುರಾಣದ ಪಂಡಿತರ ಮಾತಿನ ಹಾಗೆ ತಲೆಯ ಮೇಲೆ ಹೋಯಿತು. ಒಬ್ಬ ಮುದುಕ ಕೂತಲ್ಲೇ ತೂಕಡಿಸಿ ಪಕ್ಕದವನ ಮೇಲೆ ವಾಲಿದ. ಇನ್ನೊಬ್ಬರು, ನಿಜವಾಗಿಯೂ ತಿಳಿಯಬೇಕೆಂದೇ, ಕೇಳಿದರು:

"ಅದರಿಂದ ಕೆರೆ ತುಂಬುತ್ತಾ ಮೇಷ್ಟ್ರೇ?"

ಅಪ್ಪ ಕೂತುಬಿಟ್ಟರು. ಜನ ನಗಲೂ ಇಲ್ಲ. ನಕ್ಕಿದ್ದರೆ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲ. ಮನೆಗೆ ಬಂದು ಕೋಟು ಬಿಚ್ಚಿ ಮೊಳೆಗೆ ಹಾಕಿ, ಅಡಿಗೆಮನೆಯ ಹೊಸಿಲಿನ ಮೇಲೆ ಕೂತರು. ಅಮ್ಮ ಹಿಟ್ಟು ತೊಳಸುತ್ತಿದ್ದಳು. ಕೋಲು ಆಡಿಸುತ್ತಲೇ, ತಿರುಗಿ ನೋಡದೆ, ಮದುವೆಯಾದಂದಿನಿಂದ ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು.

"ಆ ರಾಜ ಅತ್ಲಾಗಿರ್ಲಿ. ಸತ್ತೋನು ಯಾರು?"

"ಕೆರೆ ಕಾಯ್ತಿದ್ದೋನು. ಏರಿ ಒಡೆದಾಗ ಅಡ್ಡ ನಿಂತು ಸತ್ತ ಅಂತ ಬರೆದಿದೆ."

"ಹೆಂಡ್ತಿ ಇದ್ಳಾ?"

"ಇದ್ಳು. ಅವಳಿಗೂ ಮಗನಿಗೂ ತೂಬಿನ ಕೆಳಗೆ ಭೂಮಿ ಬಿಟ್ಟುಕೊಟ್ಟರು ಅಂತ ಇದೆ. ದುಂಡು ಬಂಡೆಯಿಂದ ಹಳ್ಳದವರೆಗೆ."

ಅಮ್ಮನ ಕೈ ನಿಂತಿತು. ಆ ದುಂಡು ಬಂಡೆಯ ಬುಡದಲ್ಲೇ ಅವಳು ದಿನಾ ಸೊಪ್ಪು ಕೊಯ್ಯುತ್ತಿದ್ದಳು.

"ಇಷ್ಟು ದಿನ ಇದನ್ನ ಯಾಕೆ ಹೇಳ್ಲಿಲ್ಲ?"

"ನೀನು ಕೇಳಲಿಲ್ಲ."

"ಬಾಯಿ ಬಿಟ್ರೆ ರಾಜ, ಲಿಪಿ ಅಂತೀರ. ಹೆಂಗೆ ಕೇಳೋದು?"

ಮುದ್ದೆ ಅವತ್ತು ಗಂಟುಗಂಟಾಗಿತ್ತು. ಇಬ್ಬರೂ ಅದನ್ನು ಗಮನಿಸದೆ ತಿಂದರು. ಕಲ್ಲಿನಲ್ಲಿ ಮತ್ತೇನಿದೆ ಎಂದು ಅಮ್ಮ ಕೇಳುತ್ತಿದ್ದಳು. ಕೆಳಗೆ ಗಂಡಾಳು, ಅವನ ಮೊಣಕಾಲಿನವರೆಗೆ ನೀರಿನ ಅಲೆ, ಮೇಲೆ ಅವನನ್ನು ಎರಡೂ ಕಡೆಯಿಂದ ಎತ್ತಿಕೊಂಡು ಹೋಗುವ ಹೆಂಗಸರು ಎಂದು ಅಪ್ಪ ಹೇಳುತ್ತಿದ್ದರು. ನಾನು ಕಾಗದಗಳ ಕೆಳಗೆ ಮಲಗಿ ಕೇಳುತ್ತಿದ್ದೆ. ನನಗೆ ಅಷ್ಟು ದಿನ ಕೊಕ್ಕರೆಯಾಗಿ ಕಂಡದ್ದೆಲ್ಲ ಯಾರದೋ ಕೈ, ಯಾರದೋ ಕಾಲು ಆಗತೊಡಗಿತು.

ಅದು ಹುಣಿಸೆಹಣ್ಣು ಕುಟ್ಟುವ ಕಾಲ. ನಮ್ಮ ಕಡೆ ಒಂದೊಂದು ಮಧ್ಯಾಹ್ನ ಒಂದೊಂದು ಮನೆಯ ಅಂಗಳದಲ್ಲಿ ಹೆಂಗಸರು ಸೇರಿ, ಕಾಯಿ ಬಡಿದು, ಬೀಜ ತೆಗೆದು, ಆ ಮನೆಯ ವರ್ಷದ ಹುಣಿಸೆಯನ್ನು ಮುಗಿಸಿಕೊಡುವ ವಾಡಿಕೆ. ಗಂಗಮ್ಮನ ಗಲಾಟೆಯಾದ ಮೇಲೂ ನಮ್ಮ ಸರದಿಗೆ ಬಂದರು. ಹುಣಿಸೆಗೆ ಜಗಳ ಗೊತ್ತಿಲ್ಲ ಎಂದು ಅಜ್ಜಿ ಅವರನ್ನು ಒಳಗೆ ಕರೆದಳು. ಅಂಗಳದ ಕೆಳಗೆ, ಬೇಲಿಯ ಸಂದಿನಲ್ಲಿ, ನೀರುಗಂಟಿಯವಳೂ ಬಂದು ಕೂತಳು. ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚುವವನು ನೀರುಗಂಟಿ. ಅವರ ಮನೆಗಳು ಊರ ಹೊರಗೆ. ಅಂಗಳ ತುಳಿಯುವ ಹಾಗಿರಲಿಲ್ಲ. ಗಂಗಮ್ಮನಿಗೂ ಅವರು ಏರಿಯ ಕೆಳಗೆ ನಿಂತೇ ಕೈಮುಗಿಯಬೇಕಿತ್ತು. ಅವಳ ಗಂಡ ಒಂದು ಮಳೆಗಾಲದಲ್ಲಿ ಸಿಕ್ಕಿಕೊಂಡ ತೂಬಿನ ಬಿರಡೆ ಕೀಳಲು ನೀರಿಗಿಳಿದವನು ಮೇಲೆ ಬರಲಿಲ್ಲ. ಊರು ಒಂದು ದಿನ ಅಯ್ಯೋ ಎಂದಿತು. ಮಾರನೆಯ ದಿನ ಅವಳ ಮಗ ತೂಬಿನ ಕೆಲಸಕ್ಕೆ ನಿಂತ.

ಅಮ್ಮ ಕುಟ್ಟುತ್ತ ಕುಟ್ಟುತ್ತ ಕಲ್ಲಿನ ಕತೆ ತೆಗೆದಳು. ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದು ಮತ್ತೆ ತೆಲುಗಿಗೆ ಹೋಗುತ್ತಿದ್ದಳು. ಅರಸನ ಹೆಸರನ್ನೇ ಎತ್ತಲಿಲ್ಲ. ಸಂಜೆಯಿಂದ ಹಿಡಿದ ಮಳೆ, ಏರಿಯ ಮೇಲೆ ಬೆರಳಷ್ಟು ಬಿರುಕು, ಉಣ್ಣಲು ಕೂತವನು ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದದ್ದು, ಎಲ್ಲ ಅವಳ ಕಣ್ಣೆದುರಿಗೇ ಆದ ಹಾಗೆ ಹೇಳಿದಳು. ಕುಟ್ಟುವ ಸದ್ದು ಒಂದೊಂದಾಗಿ ನಿಂತಿತು. ಬಿಸಿಲು ಅಂಗಳದಲ್ಲಿ ಹುಣಿಸೆಯ ಬಣ್ಣಕ್ಕೆ ತಿರುಗಿತ್ತು, ನನ್ನ ಕಣ್ಣು ಎಳೆಯುತ್ತಿತ್ತು. ಬತ್ತಿದ ಕೆರೆಯಲ್ಲಿ ನೀರು ಏರುತ್ತಿರುವ ಸದ್ದು ಆ ಮಂಪರಿನಲ್ಲಿ ನನಗೆ ಕೇಳಿಸಿತು. ಆಗ ಬೇಲಿಯ ಕಡೆಯಿಂದ ನೀರುಗಂಟಿಯವಳು ಕೇಳಿದಳು:

"ಆಯಮ್ಮನ ಪೇರು ಏಮಿ, ಮೇಷ್ಟ್ರಮ್ಮಾ?"

ಸತ್ತವನ ಹೆಂಡತಿಯ ಹೆಸರು. ಅಮ್ಮ ಒಂದು ಗಳಿಗೆಯೂ ತಡೆಯಲಿಲ್ಲ.

"ಚೆನ್ನಕ್ಕ."

ಸಂಜೆಯೊಳಗೆ ಊರಿನ ಬಾಯಲ್ಲಿ ಅದು ಚೆನ್ನಕ್ಕನ ಕಲ್ಲಾಯಿತು. ಹೆಂಗಸರು ಗಂಡಂದಿರನ್ನು ಕಾಡತೊಡಗಿದರು. ಗಂಡನನ್ನು ಕೆರೆಗೆ ಕೊಟ್ಟ ಹೆಂಗಸಿನ ಹೆಸರಿರುವ ಕಲ್ಲನ್ನು ಕಾಲ ಕೆಳಗೆ ಹಾಕಿದರೆ ಊರಿಗೆ ಒಳ್ಳೆಯದಾಗುತ್ತದೆಯೇ ಎಂದರು. ಅಪ್ಪ ಕೋಟು ಹಾಕಿಕೊಂಡು ಮಾಡಲಾಗದ್ದನ್ನು ಅಮ್ಮ ಒಂದು ಬುಟ್ಟಿ ಹುಣಿಸೆ ಕುಟ್ಟುವುದರಲ್ಲಿ ಮಾಡಿದ್ದಳು. ಅಪ್ಪನಿಗೆ ಸಂತೋಷವಾಗಬೇಕಿತ್ತು. ಅವರು ಅಮ್ಮನ ಮೇಲೆ ರೇಗಿದರು.

"ಒಂದಕ್ಷರ ಕಾಣದಿದ್ರೆ ನಾನು ಅಲ್ಲಿ ಚುಕ್ಕೆ ಇಟ್ಟು ಮುಂದಕ್ಕೆ ಹೋಗ್ತೀನಿ. ನೀನು ಒಬ್ಬ ಹೆಂಗಸನ್ನೇ ಹುಟ್ಟಿಸಿಬಿಟ್ಯಲ್ಲೇ."

"ನಾನೇನು ಹುಟ್ಟಿಸಲಿಲ್ಲ. ಅವಳಿದ್ಳು. ಹೆಸರಿಲ್ದೆ ಯಾರಾದ್ರೂ ಇರ್ತಾರಾ?"

ಅಮ್ಮನ ಮಾತಿನಲ್ಲಿ ಸುಳ್ಳೂ ಇತ್ತು, ನಿಜವೂ ಇತ್ತು. ಎರಡನ್ನೂ ಬಿಡಿಸುವಷ್ಟು ತಾಳ್ಮೆ ಆ ಹೊತ್ತಿಗೆ ಇಬ್ಬರಿಗೂ ಇರಲಿಲ್ಲ. ಪಟೇಲರು ಆಳು ಕಳಿಸಿ ಹೇಳಿಸಿದರು: ನಾಳೆ ಎಲ್ಲರೂ ಏರಿಗೆ ಬನ್ನಿ, ಎತ್ತು ಕಟ್ಟಿರುತ್ತೇವೆ. ಹೆಂಗಸರು ಹೇಳುವುದು ಕಲ್ಲಿನಲ್ಲಿ ಇದೆಯೇ ಎಂದು ಮೇಷ್ಟ್ರು ಎಲ್ಲರ ಮುಂದೆ ಹೇಳಲಿ. ಇದ್ದರೆ ಕಲ್ಲು ಉಳಿಯಲಿ. ಬೆಳಿಗ್ಗೆ ಅಪ್ಪ ಹೊರಟಾಗ ಅಮ್ಮ ಬಾಗಿಲಲ್ಲಿ ಅಡ್ಡ ನಿಂತು, ಮೆಲ್ಲಗೆ, ಬೇಡಿಕೊಳ್ಳುವಂತೆ ಹೇಳಿದಳು.

"ಕೇಳಿದ್ರೆ ಹೂಂ ಅನ್ನಿ. ಒಂದು ಹೂಂಗೆ ನಿಮ್ಮ ಗಂಟೇನು ಹೋಗುತ್ತೆ?"

ಏರಿಯ ಮೇಲೆ ಊರಿಗೆ ಊರೇ ನಿಂತಿತ್ತು. ಕಲ್ಲಿಗೆ ಹಗ್ಗ ಸುತ್ತಿದ್ದರು. ನೀರುಗಂಟಿಯವಳ ಮಗ ಹಾರೆ ಹಿಡಿದು ಬುಡ ಸಡಿಲಿಸಿಯಾಗಿತ್ತು. ತೊಳೆದ ಕಲ್ಲು ಬೆಳಗಿನ ಬಿಸಿಲಿನಲ್ಲಿ ಎಳೆಗೂಸಿನ ಮೈಯಂತೆ ಕಾಣುತ್ತಿತ್ತು. ಪಟೇಲರು ಬಾಯಿ ತೆರೆಯುವ ಮೊದಲೇ ಏರಿಯ ಕೆಳಗಿನಿಂದ ನೀರುಗಂಟಿಯವಳ ದನಿ ಬಂತು.

"ಸ್ವಾಮಿ, ಆಯಮ್ಮನ ಹೆಸರು ಅದ್ರಾಗೆ ಐತಾ?"

ಅಪ್ಪ ಅಮ್ಮನನ್ನು ನೋಡಿದರು, ಕಲ್ಲನ್ನು ನೋಡಿದರು. ನಾನು ಅಮ್ಮನ ಸೆರಗು ಹಿಡಿದು ನಿಂತಿದ್ದೆ. ಅಪ್ಪ ಹೂಂ ಅನ್ನಲಿ ಎಂದು ನನ್ನ ಜೀವವೆಲ್ಲ ಬೇಡುತ್ತಿತ್ತು.

"ಇಲ್ಲ ಕಣಮ್ಮ," ಎಂದರು. "ಹೆಂಡ್ತಿಗೆ ಭೂಮಿ ಕೊಟ್ರು ಅಂತ ಇದೆ. ಅವಳ ಹೆಸರು ಬರೆದಿಲ್ಲ. ಬರೀಬೇಕಾಗಿತ್ತು."

ಅಮ್ಮ ಕಣ್ಣು ಮುಚ್ಚಿಕೊಂಡಳು. ಗಂಡಸರ ಕಡೆಯಿಂದ ಒಂದು ಗುಜುಗುಜು ಎದ್ದಿತು. ಸರಿ ಹಾಗಾದರೆ ಎಂದು ಪಟೇಲರು ಎತ್ತಿನವನಿಗೆ ಕೈಮಾಡಿದರು. ನೀರುಗಂಟಿಯವಳು ಕೈಮಾಡಿದವರ ಕಡೆ ನೋಡಲೇ ಇಲ್ಲ.

"ಇಲ್ದಿದ್ದು ಇಲ್ಲ ಅಂದ್ರಿ," ಎಂದಳು ಅಪ್ಪನಿಗೆ. "ಹಂಗಾದ್ರೆ ನೀವು ಐತೆ ಅಂದಿದ್ದೆಲ್ಲ ಐತೆ."

ಹಾಗೆಂದು ಏರಿ ಹತ್ತಿ ಬಂದಳು. ನಿಧಾನವಾಗಿ, ಮಂಡಿಯ ಮೇಲೆ ಕೈಯೂರಿಕೊಂಡು ಬಂದಳು. ಜನ ಅಭ್ಯಾಸಬಲದಿಂದ ಹಿಂದಕ್ಕೆ ಸರಿದರು. ದೇವರಾಗಿದ್ದಷ್ಟು ದಿನ ಅವಳು ಹತ್ತಿರ ಬರುವ ಹಾಗಿರದಿದ್ದ ಕಲ್ಲು ಅದು. ಈಗ ಅದು ಯಾವನೋ ಒಬ್ಬ ಕೆರೆ ಕಾಯುವವನು. ಅವನೆಲ್ಲಿ ಎಂದು ಕೇಳಿದಳು. ಅಪ್ಪ ಬೆರಳಿಟ್ಟು ತೋರಿಸಿದರು. ಇದು ಅವನು, ಇದು ನೀರು, ಇಲ್ಲಿಂದ ಇಲ್ಲಿಗೆ ಅವನು ಸತ್ತದ್ದು, ಈ ಸಾಲಿನಲ್ಲಿ ಹೆಂಡತಿಗೆ ಭೂಮಿ ಎಂದರು. ಮನೆಯಲ್ಲಿ ನಮಗೆ ಹೇಳುವ ಮಾತಿನಲ್ಲೇ, ನಡುನಡುವೆ ಅಮ್ಮನ ತೆಲುಗು ಬೆರೆಸಿ ಹೇಳಿದರು. ಅವಳು ಆ ನೀರಿನ ಗೆರೆಗಳ ಮೇಲೆ ಅಂಗೈ ಇಟ್ಟಳು. ಅವಳ ಮಗ ಹಾರೆಯನ್ನು ನೆಲಕ್ಕಿಟ್ಟ. ಎತ್ತಿನವನು ಕಾದ. ನೀರುಗಂಟಿ ಹಾರೆ ಕೆಳಗಿಟ್ಟ ಮೇಲೆ ತೂಬಿನ ಕೆಲಸ ಯಾರು ಮಾಡಬೇಕು? ಪಟೇಲರು ಕೆರೆಯಂಗಳದ ಕಡೆ ತಿರುಗಿ ಹೇಳಿದರು.

"ಹಗ್ಗ ಬಿಚ್ರಲಾ. ಬೇರೆ ಕಲ್ಲು ನೋಡಾನ."

ಜನ ಚದುರತೊಡಗಿದರು. ಅವಳು ಕದಲಲಿಲ್ಲ. ಕಲ್ಲಿನ ಮೇಲಿನ ಕೈ ತೆಗೆಯದೆಯೇ ಅಪ್ಪನ ಕಡೆ ತಿರುಗಿದಳು.

"ನಮ್ಮೋನ್ಗೂ ಒಂದು ಸಣ್ಣ ಕಲ್ಲು ನಿಲ್ಸಿ ಬರೀರಿ ಸ್ವಾಮಿ. ಅವನೂ ಇಲ್ಲೇ ಹೋಗಿದ್ದು." ಮಗನ ಮುಖ ನೋಡಿ ಹೇಳಿದಳು. "ಮುನಿವೆಂಕಟ."

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಮ್ಮ ಕಡೆ ಯಾವ ಹೆಂಗಸೂ ಹೇಳುತ್ತಿರಲಿಲ್ಲ. ಅಮ್ಮನಂತೂ ಕನಸಿನಲ್ಲೂ ಹೇಳುತ್ತಿರಲಿಲ್ಲ. ಚದುರುತ್ತಿದ್ದ ಹೆಂಗಸರು ನಿಂತರು. ಅಪ್ಪ ಕುಕ್ಕರುಗಾಲಿನಲ್ಲಿ ಕೂತು, ಒಂದು ಕಡ್ಡಿ ತೆಗೆದುಕೊಂಡು, ಕಲ್ಲಿನ ಮುಂದಿನ ಮಣ್ಣಿನಲ್ಲಿ ಆ ಹೆಸರು ಬರೆದರು. ಬರೆದು, ಅದರ ಪಕ್ಕದಲ್ಲಿ ಒಂದು ಗೇಣು ಜಾಗ ಅಂಗೈಯಿಂದ ಸವರಿ ಹದ ಮಾಡಿ, ತಲೆಯೆತ್ತಿದರು.

"ನಿನ್ನ ಹೆಸರು ಹೇಳಮ್ಮ."

ಅವಳು ಸುತ್ತ ನಿಂತ ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಹುಟ್ಟಿದಂದಿನಿಂದ ಅವಳ ಮನೆಯವರು ಬಿಟ್ಟ ನೀರಿನಲ್ಲಿ ಬೆಳೆದ ಅನ್ನ ಉಂಡಿದ್ದ ನಮ್ಮಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.

"ಅಕ್ಕಯಮ್ಮ," ಎಂದಳು.

ಅಪ್ಪ ಬರೆದರು.